ಗ್ರಹಣ ನೋಡಿದ ಫಿಲ್ಮು

ಮಾರ್ಚ್ ಎಂಟಕ್ಕೆ ಭಾಷಣ ಮಾಡಿ ಅಂತ
ರಾಬರ್ಟ್‌ಸನ್‌ಪೇಟೆಯ ಹೆಡ್‌ಮಿಸ್ಸು ಚೀಟಿ ಕಳಿಸಿದ್ದಾರೆ:
ಸಾಧಕಿಯರು, ಹತ್ತು ಜನ, ಒಬ್ಬೊಬ್ಬರಿಗೆ ಎರಡು ನಿಮಿಷ.
ಹತ್ತೂ ಹೆಸರು ಓದಿದೆ. ಎಲ್ಲರಿಗೂ ಫೋಟೊ ಇದೆ.
ನನ್ನವಳಿಗಿಲ್ಲ. ಬೇರೆಯವರ ಎದೆಯ ಫೋಟೊ
ತೆಗೆಯುವುದರಲ್ಲೇ ಅವಳ ಕಾಲ ಮುಗಿಯಿತು.

ಸಿರಾನುಶ್ ಹೊವಾಕಿಮ್ಯಾನ್.
ಒಮ್ಮೆ ಹೇಳಿ ನೋಡಿ, ನಾಲಿಗೆ ಎಲ್ಲಿ ಎಡವುತ್ತದೆ ಅಂತ.
ನಮ್ಮಜ್ಜಿ ಮುನಿವೆಂಕಟಮ್ಮ ಎಡವಲೇ ಇಲ್ಲ.
ಮೊದಲ ಅಕ್ಷರ ಹಿಡಿದು ಮಿಕ್ಕಿದ್ದು ತಾನೇ ಕಟ್ಟಿದಳು:
ಸಿರಿಯಮ್ಮ.

ಮದರಾಸಿನ ಅರ್ಮೇನಿಯನ್ ಬೀದಿಯಿಂದ
ಒಂದು ಟ್ರಂಕು, ದಾಳಿಂಬೆ ಕಸೂತಿಯ ಒಂದು ಮೇಜುಬಟ್ಟೆ,
ಇಷ್ಟು ಹೊತ್ತು ಚಾಂಪಿಯನ್ ರೀಫಿನಲ್ಲಿ ಇಳಿದವಳು.
ಗಣಿ ಆಸ್ಪತ್ರೆಯ ಎಕ್ಸರೆ ಕೋಣೆ ಅವಳದು,
ಫಿಲ್ಮು ತೊಳೆದು ಹಗ್ಗಕ್ಕೆ ಹಾಕುವುದು ಅಜ್ಜಿಯದು.
ಒಗೆದ ಬಟ್ಟೆಯ ಹಾಗೆ ಸಾಲಾಗಿ
ಗಂಡಸರ ಪಕ್ಕೆಲುಬು, ತೊಟಕ್ ತೊಟಕ್ ನೀರು.

ಡಾಕ್ಟರ ಷರಾ ಯಾವಾಗಲೂ ಒಂದೇ ಪದ: ಕ್ಷಯ.
ಕ್ಷಯ ಅಂದರೆ ಮನೆಯದು, ಗಾಳಿಯಿಲ್ಲದ ಲೈನಿನದು,
ಕುಡಿತದ್ದು, ಹಣೆಬರಹದ್ದು. ಕಂಪನಿಯದಲ್ಲ.
ಅವಳು ಕೆಳಗೆ ಪೆನ್ಸಿಲಿನಲ್ಲಿ ಬರೆದಳು:
ಇದು ಕ್ಷಯವಲ್ಲ. ಕಲ್ಲು.

ಹನ್ನೊಂದು ವರ್ಷ. ನಾಲ್ಕು ಸಾವಿರದ ಇನ್ನೂರ ಹದಿನೇಳು ಎದೆ.
ಹೆಸರು, ಷಾಫ್ಟು, ಎಷ್ಟು ಅಡಿ ಕೆಳಗೆ, ಎಷ್ಟು ಚುಕ್ಕೆ.
ಮೂರನೆಯ ಸಲ ವರದಿ ಕಳಿಸಿದಾಗ
ಅವಳನ್ನು ಹಾಸಿಗೆ ಉಗ್ರಾಣಕ್ಕೆ ಹಾಕಿದರು.
ಅಲ್ಲೂ ಲೆಕ್ಕ ಬಿಡಲಿಲ್ಲ ಮಹಾತಾಯಿ:
ಕೆಮ್ಮಿದ ದಿಂಬು ಇಷ್ಟು, ಕೆಮ್ಮದ ದಿಂಬು ಇಷ್ಟು.

ಯಾಕಮ್ಮಾ ಈ ಪಾಟಿ ಎಣಿಸ್ತೀಯ, ಅಂದಳಂತೆ ಅಜ್ಜಿ.
ಹರಕು ತಮಿಳಿನಲ್ಲಿ ಉತ್ತರ:
ನಮ್ಮವರನ್ನು ಮರಳುಗಾಡಿಗೆ ಅಟ್ಟಿದಾಗ
ಬಿದ್ದವರನ್ನು ಯಾರೂ ಎಣಿಸಲಿಲ್ಲ, ಮುನಿ.
ನಮ್ಮಮ್ಮ ಎಣಿಸಲು ಹೋಗಿ
ತಂಗಿಯ ಹತ್ತಿರ ಬಂದು ನಿಲ್ಲಿಸಿದಳು.
ಅಷ್ಟೇ. ಆಮೇಲೆ
ಟೀಗೆ ಸಕ್ಕರೆ ಜಾಸ್ತಿ ಅಂತ ಅಜ್ಜಿಯನ್ನು ಬೈದಳು.

ಊರು ಬಿಡುವ ದಿನ ಒಂದು ಫಿಲ್ಮು
ಅಜ್ಜಿಯ ಮಡಿಲಿಗೆ ತುರುಕಿದಳು.
ಇಟ್ಟುಕೋ, ಒಂದು ದಿನ ಕೇಳ್ತಾರೆ.
ಯಾರೂ ಕೇಳಲಿಲ್ಲ.
ತಾತ ನಾರೆಪ್ಪ ನಲವತ್ತಮೂರಕ್ಕೇ ಹೋದ,
ಫಿಲ್ಮು ಮಾತ್ರ ಚಾಪೆಯಡಿ ಉಳಿಯಿತು.

ಎಂಬತ್ತನೇ ಇಸವಿ, ಹಾಡಹಗಲು ಗ್ರಹಣ.
ಊರೆಲ್ಲ ಕದ ಹಾಕಿಕೊಂಡಾಗ
ಮಾರಿಕುಪ್ಪದ ಸೈನೈಡ್ ದಿಬ್ಬ ಹತ್ತಿ
ಒಂಬತ್ತು ವರ್ಷದ ನಾನು
ತಾತನ ಎದೆ ಎತ್ತಿ ಹಿಡಿದು ಸೂರ್ಯನನ್ನು ನೋಡಿದೆ.
ಮೂರನೇ ಪಕ್ಕೆಲುಬಿನ ಹಿಂದೆ ಕಚ್ಚಿದ ದೋಸೆಯಂಥ ಸೂರ್ಯ,
ಸುತ್ತ ಹಿಟ್ಟು ಉದುರಿದಂತೆ ಬಿಳಿ ಚುಕ್ಕೆ.
ನಕ್ಷತ್ರ ಅಂದುಕೊಂಡೆ.

ಫಿಲ್ಮಿನ ಅಂಚಿಗೆ ಬಿಳಿ ಮಸಿಯಲ್ಲಿ
ಲಾಳದಂಥ, ಕೊಕ್ಕೆಯಂಥ ಒಂದು ಸಾಲು.
ಮಂತ್ರ ಇರಬೇಕು, ಅನ್ನುತ್ತಿದ್ದಳು ಅಜ್ಜಿ.
ಶಾಪ, ಅನ್ನುತ್ತಿದ್ದ ಚಿಕ್ಕಪ್ಪ.
ಹೋದ ತಿಂಗಳು ಆ ಅಕ್ಷರ ಬಲ್ಲವರೊಬ್ಬರಿಗೆ
ಫೋನಿನಲ್ಲಿ ಕಳಿಸಿ ಕೇಳಿದೆ. ಬರೀ ಹೆಸರಂತೆ.
ನಾರೆಪ್ಪ.
ಅವಳ ಭಾಷೆಯಲ್ಲಿ, ಕಾಗುಣಿತದ ತಪ್ಪಿಲ್ಲದೆ.

ಮಿಸ್ಸು, ನನಗೆ ಮೈಕು ಬೇಡ.
ಚೀಟಿಯ ಹತ್ತು ಜನರನ್ನು ಮಕ್ಕಳೇ ಓದಲಿ.
ಕಿಟಕಿಯ ಗಾಜೊಂದನ್ನು ಒರೆಸಿಡಿ,
ಸಭೆ ಮಧ್ಯಾಹ್ನಕ್ಕಿಡಿ.
ಬಿಸಿಲು ಬೇಕು.