ನಾಲ್ಕು ಡಿಗ್ರಿ

ಊರೆಲ್ಲಾ ಮಜ್ಜಗಿ ಗಡಿಗಿ ಸುತ್ತ ಕೂತಾಗ
ನಾ ಸ್ವೆಟರ್ ಬಗಲಾಗ ಹಿಡಕೊಂಡು ಟಂಟಂ ಹತ್ತತೀನಿ.
ಮೇ ತಿಂಗಳು. ತಿಕೋಟಾ ಹಾದಿ.
ಡ್ರೈವರ್ ಕನ್ನಡಿಯಾಗ ನೋಡಿ
ಜ್ವರಾ ಬಂದಾವೇನ್ರಿ ಅಕ್ಕಾರ, ಅಂತಾನ.
ಇಲ್ಲಪ್ಪ. ಡ್ಯೂಟಿ ಐತಿ.

ಸ್ಟೋರೇಜಿನ ಬಾಗಲಾ ಒಂದು ಗೇಣು ದಪ್ಪ.
ಈ ಕಡೆ ನಲವತ್ತೆರಡು, ಆ ಕಡೆ ನಾಲ್ಕು.
ಡಬ್ಬಿ ಮ್ಯಾಲ ಡಬ್ಬಿ, ಮಾಡದ ತನಕ.
ಮಾರ್ಚಿನ ಬಿಸಿಲೆಲ್ಲಾ ಸುಕ್ಕುಗಟ್ಟಿ
ಮಣೂಕ ಆಗಿ ಮಲಗೈತಿ ಅದರೊಳಗ.
ನಾ ಅದನ್ನ ಎಣಿಸಿ ಬರಕೋತೀನಿ.

ಬಿಸಿಲು ಎಣಸೂ ಬೆರಳು ಮದಲ ಬೆಳ್ಳಗ,
ಸಾಲ್ಯಾಗಿನ ಸುಣ್ಣದ ಕಡ್ಡಿ.
ಆಮ್ಯಾಲ ನೀಲಿ.
ಹೊರಗ ಬಂದ್ರ ಕೆಂಪಗಾಗಿ
ಗೊದ್ದ ಕಡದಂಗ ಉರಿ.
ಪೆನ್ನು ಜಾರಿದ್ದು ಕೈಗೆ ತಿಳಿಯೂದಿಲ್ಲ,
ಸಪ್ಪಳಾ ಕೇಳಿದ ಮ್ಯಾಲ ಬಗ್ಗತೀನಿ.

ಡಾಕ್ಟರು ಬೆರಳು ಒತ್ತಿ, ಬಿಟ್ಟು, ಗಡಿಯಾರ ನೋಡಿ,
ಥಂಡಿ ಕೆಲಸಾ ಬಿಡ್ರಿ, ಅಂದ್ರು.
ಹೂಂ, ಅಂದೆ.
ಅವರ ಟೇಬಲ್ಲಿನ ಮ್ಯಾಲ ಫ್ಯಾನಿಗೆ ಹಾರದಂಗ
ನನ್ನ ಚೀಟಿ ಮ್ಯಾಲ ಒಂದು ಕಲ್ಲು ಇಟ್ಟಿದ್ರು.

ಲಾಡಮಾ ಹತ್ತೊಂಬತ್ತು ವರ್ಷದಿಂದ ಅದಾಳ ಇಲ್ಲಿ.
ಗಂಬೂಟು ಕಳೀತ ಹೇಳಿದ್ಳು:
ನಿನ್ನ ಒಳಗಿನ ಒಲಿನ ಹೊತ್ತಿಲ್ಲ, ನೀಲಗಂಗಾ.
ಹೊರಗ ಎಷ್ಟು ಹೊಚಗೊಂಡ್ರೇನು?

ಮರುದಿನ ಅಕಿ ಡಬ್ಬಿಯಾಗ ಎರಡಾಳಿನ ಊಟ.
ಸಜ್ಜಿ ರೊಟ್ಟಿ, ಮೈತುಂಬ ಎಳ್ಳು.
ಗುರೆಳ್ಳ ಚಟ್ನಿ, ನಡುವ ಕುಣಿ,
ಕುಣಿಯಾಗ ಬಳ್ಳೊಳ್ಳಿ ಕಾಯಿಸಿದ ಕುಸುಬಿ ಎಣ್ಣಿ.
ಥರ್ಮಾಸಿನಾಗ ಹುರಳಿ ಕಟ್ಟು, ಮೆಣಸು ಕುಟ್ಟಿದ್ದು.
ಸ್ಟೀಲಿನ ಗ್ಲಾಸಿಗೆ ಸುರುವಿ ನನ್ನ ಕೈಯಾಗ ಇಟ್ಟು
ಕುಡೀಬ್ಯಾಡ ಮದಲ. ಹಿಡಿ, ಅಂದ್ಳು.
ಹಿಡದೆ.
ಬೆರಳಿನ ತುದಿಗೆ ನಾ ಒಬ್ಬಾಕಿ ಅದೀನಿ ಅಂತ
ಯಾರೋ ಬಂದು ಹೇಳಿದಂಗಾತು.

ನಾ ಹಟದಾಕಿ.
ಮನಿಯಾಗ ಆಳ್ವಿ ಕುದಿಸಿದೆ, ಅಂಟಿನ ಉಂಡಿ ಕಟ್ಟಿದೆ,
ಶುಂಠಿ ಬೆಲ್ಲಾ ಸೆರಗಿನಾಗ ಗಂಟು ಹಾಕಿದೆ.
ಅತ್ತಿ ಒಳಗ ಬಂದು ಮೂಸಿ
ಯಾರದವ್ವ ಬಾಣಂತನ? ಅಂದ್ರು.
ಎಂಟನೇ ದಿನಕ್ಕ ಬಾಯಿತುಂಬ ಹುಣ್ಣು,
ಒಂಬತ್ತನೇ ದಿನ ಮೂಗಿನಾಗ ರಕ್ತ.
ಬೆರಳು ಮಾತ್ರ ಹಂಗ, ಬೆಳ್ಳಗ.

ಲಾಡಮಾ ನಕ್ಕು ನಕ್ಕು ಡಬ್ಬಿಗೆ ಆನಿಕೊಂಡ್ಳು:
ಒಲಿಗೆ ಕಟಗಿ ಹಾಕು ಅಂದ್ರ
ಮನಿಗೇ ಬೆಂಕಿ ಹಚ್ಚಿದೇನ ಮಾರಾಯ್ತಿ!
ಉಳ್ಳಾಗಡ್ಡಿ ಕಡಕೊಂಡು ತಿನ್ನು, ಮಜ್ಜಗಿ ಕುಡಿ.
ಇಲ್ಲಿ ನಾಲ್ಕಕ್ಕ ಉಣ್ಣೂದು ಬ್ಯಾರೆ,
ಅಲ್ಲಿ ನಲವತ್ತಕ್ಕ ಉಣ್ಣೂದು ಬ್ಯಾರೆ.
ಬಾಗಲಾ ದಾಟೂದು ಎಲ್ಲಾರಿಗೂ ಬರ್ತೈತಿ,
ಹೊಟ್ಟಿ ದಾಟಸೂದು ಕಲಿ.

ಕಲತೆ ಸ್ವಲ್ಪ.
ಒಳಗ ಹೋಗೂ ಮುಂಚೆ ಕಟ್ಟು, ಹೊರಗ ಬಂದ ಮ್ಯಾಲ ಮಜ್ಜಗಿ,
ಎಳ್ಳು ಒಂದು ಚಿಮಟಿ.
ಬೆರಳು ಈಗೀಗ ತಡಾ ಮಾಡಿ ಬೆಳ್ಳಗಾಗತಾವ.
ಅಷ್ಟ.

ಮೊನ್ನೆ ಗ್ಲಾಸು ನನ್ನ ಕೈಯಿಂದ ತಪ್ಪಿ
ಲಾಡಮಾ ಹಿಡದ್ಳು, ಎರಡೂ ಕೈಲೆ.
ಕುದಿಯೂ ಕಟ್ಟು ಅಕಿ ಹೆಬ್ಬೆರಳ ಮ್ಯಾಲ ಹರೀತು.
ಅಕಿ ಹಂಗ ನಿಂತಿದ್ಳು,
ನನ್ನ ಮಾರಿ ನೋಡಿದ ಮ್ಯಾಲ ಗ್ಲಾಸು ಕೆಳಗಿಟ್ಳು.
ಆಗ ಕಂಡ್ವು,
ಬೊಬ್ಬಿ ಎದ್ದು ಮಾಯ್ದ ಹಳೇ ಕಲೆ,
ಒಂದರ ಮ್ಯಾಲ ಒಂದು.

ಮದಲ ಹಿಡಿ, ಅಂತಿದ್ಳಲ್ಲ.
ದಿನಾ ನನ್ನ ಕೈಲೆ
ಅಕಿ ಬಿಸಿ ನೋಡತಿದ್ಳು.

ಏನೂ ಕೇಳಲಿಲ್ಲ ನಾ.
ಈಗ ಥರ್ಮಾಸ್ ನನ್ನದು.
ಸುರುವಿ, ಹಿಡಕೊಂಡು,
ಬೆರಳಿಗೆ ಸುದ್ದಿ ಬರೂ ತನಕ ಕಾಯತೀನಿ.
ಅಕಿ ಕೈ ಚಾಚತಾಳ.
ತಡಿ, ಸುಡತೈತಿ, ಅಂತೀನಿ.
ಜುಮನಾಳ ಸರ್ ಸೀಟಿ ಊದತಾರ, ಲಾರಿ ಬಂತು.
ಲಾಡಮಾ ತಡೀತಾಳ.