ಸಂದು

ಓವಾರ್ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ
ಹುಡುಗನೊಬ್ಬ ಹದಿನಾಲ್ಕು ಸಾಮಾನಿನ ಪೆಟ್ಟಿಗೆ ಬಿಚ್ಚಿ
'ಇದೊಂದಿದ್ದರೆ ಎಲ್ಲ ಆಯಿತು' ಎನ್ನುತ್ತಾನೆ.
ಎಲ್ಲ ಆಗುವುದು ಬೇಡ ಮಾರಾಯ,
ಗೋಡೆಯ ಗ್ರೌಟು ಆದರೆ ಸಾಕು.
ರಬ್ಬರಿನ ಫ್ಲೋಟುಗಳನ್ನು ಒಂದೊಂದಾಗಿ ಎತ್ತಿ
ಅಂಚು ಬಾಗಿಸಿ ಕೆನ್ನೆಗೊತ್ತಿ ನೋಡುತ್ತೇನೆ.
ಬಣ್ಣದ ಡಬ್ಬಿ ಕೊಳ್ಳಲು ಬಂದ ಹೆಂಗಸು
ಮಗುವನ್ನು ಹತ್ತಿರಕ್ಕೆಳೆದುಕೊಳ್ಳುತ್ತಾಳೆ.

ಇದು ಇದಲೀನಾ ಕಲಿಸಿದ್ದು.
'ಅಂಗೈ ಜಡ್ಡುಗಟ್ಟಿದೆ, ಸುಳ್ಳು ಹೇಳುತ್ತೆ.
ಕೆನ್ನೆಯನ್ನು ಕೇಳು.'

ನನಗಾಗ ಹತ್ತೊಂಬತ್ತು.
ಮೀಸೆಗಿಂತ ಮೊದಲು ಬಿಗುಮಾನ ಚಿಗುರಿತ್ತು.
ಮೀನುಪೇಟೆಯ ಹಿಂದೆ, ಎರ್ಮೆಲಿಂಡಾ ಅಜ್ಜಿಯ ಮುಂಗೋಡೆಯಿಂದ
ಒಂದೇ ರಾತ್ರಿ ಹನ್ನೊಂದು ನೀಲಿ ಟೈಲು
ಕಿತ್ತೊಯ್ದಿದ್ದರು ಯಾರೋ.
ಹಲ್ಲುದುರಿದ ಗೋಡೆ.
ಕುಂಬಾರ ಹೊಸದಾಗಿ ಸುಟ್ಟುಕೊಟ್ಟ ಹನ್ನೊಂದೂ
ಹನ್ನೊಂದು ಥರ: ಒಂದು ದಪ್ಪ, ಒಂದು ಸೊಟ್ಟ,
ಎಲ್ಲದರ ನೀಲಿಯೂ ನೆರೆಯ ನೀಲಿಗಿಂತ
ನೂರು ವರ್ಷ ಎಳೆಯದು.

ಅಂಟಿಸಿ ಒಣಗಿದ ಮೇಲೆ ಗ್ರೌಟಿನ ಸರದಿ.
ನಾನೆತ್ತಿಕೊಂಡದ್ದು ಎಲ್ಲಕ್ಕಿಂತ ಗಟ್ಟಿ ಫ್ಲೋಟು,
ಕಲಸಿದ್ದು ಮರಳು ಬೆರೆತ, ನೆಲಕ್ಕೆ ಹಾಕುವ ಗ್ರೌಟು.
ಗಟ್ಟಿ ಕೆಲಸಕ್ಕೆ ಗಟ್ಟಿ ಸಾಮಾನು, ಅಷ್ಟೇ ನನ್ನ ಲೆಕ್ಕ.
ಒಂದೇ ಎಳೆತ.
ಗರ್ ಎಂದಿತು.
ಮೊದಲ ಟೈಲಿನ ಹೂವಿನ ಮೇಲೆ
ಕೂದಲೆಳೆಯಷ್ಟು ಗೀರು.

ಇದಲೀನಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಬಕೆಟ್ಟಿನ ಅಷ್ಟೂ ಗ್ರೌಟನ್ನು ನನ್ನ ಕೈಯಿಂದಲೇ ಕಸಕ್ಕೆ ಸುರಿಸಿ
ಚೀಲದಿಂದ ಒಂದು ಕರಿ ತುಂಡು ತೆಗೆದಳು:
ಕಡಲಿಗೆ ಹೋಗುವವರ ಗಮ್‌ಬೂಟಿನಿಂದ
ಕತ್ತರಿಸಿಕೊಂಡ ರಬ್ಬರು, ಅಂಗೈ ಅಗಲ,
ಮೂವತ್ತು ವರ್ಷ ಗೋಡೆ ನೆಕ್ಕಿ ನುಣುಪಾದ ನಾಲಿಗೆ.
ನುಣ್ಣನೆ ಪುಡಿ. ನೀರು ಚಮಚದಲ್ಲಿ.
ಅಜ್ಜಿ ತಂದಿಟ್ಟ ಪಾಂ ದೆ ಲೋ ಕೇಕನ್ನು ಮುರಿದು
ಬೇಯದೆ ಉಳಿದ ಅದರ ಹಸಿ ನಡುವನ್ನು ತೋರಿಸಿ
'ಹದ ಇದು' ಎಂದಳು;
ಹದವನ್ನು ತಿಂದಳು.

ಓರೆಗೆ ಎಳಿ. ಸಂದಿನ ಉದ್ದಕ್ಕೆ ಎಳೆದೆಯೋ,
ತುಂಬಿದ್ದೆಲ್ಲ ಬೆನ್ನಿಗೇ ಎದ್ದು ಬರುತ್ತೆ
ಸಾಲ ಕೊಟ್ಟವನ ಹಾಗೆ.
ಒತ್ತು. ಬಿಡು. ಸಂದಿಗೆ ಸಂದದ್ದು ಸಂದಿಗೆ,
ಮಿಕ್ಕದ್ದು ಬಕೆಟ್ಟಿಗೆ.
ಸ್ಪಂಜಿನ ತೂತು ಸಣ್ಣದಿರಲಿ, ಮೂಲೆ ದುಂಡಗಿರಲಿ,
ಚೂಪು ಮೂಲೆ ಗುಂಡಿ ತೋಡುತ್ತೆ.
ಹಿಂಡು. ಇನ್ನೂ ಹಿಂಡು.
ಹನಿ ಬಿದ್ದಲ್ಲಿ ಬಣ್ಣ ಬಿಳಿಚಿಕೊಳ್ಳುತ್ತೆ.
ನೀರು ಕದಡಿತೆ? ಚೆಲ್ಲು, ಬೇರೆ ತಾ.
ಸೋಮಾರಿ ಒರೆಸಿದ ಗೋಡೆ
ಬಿಸಿ ಸಾರಿನ ಮುಂದೆ ಕೂತವನ ಕನ್ನಡಕ.

ಇವೆಲ್ಲ ಅವಳು ಹೇಳಿದ್ದಲ್ಲ,
ಅವಳ ಮೊಣಕೈ ಹೇಳಿದ್ದು.
ನಡುವೆ ಇಪ್ಪತ್ತು ನಿಮಿಷ ಏನೂ ಮಾಡದೆ ಕೂತಳು.
ನನಗೆ ಅದೇ ಎಲ್ಲಕ್ಕಿಂತ ಕಷ್ಟವಾಯಿತು.

ಸಂಜೆಯ ಇಳಿಬಿಸಿಲಿಗೆ ಗೀರು ಹೊಳೆಯಿತು.
ಕೂಲಿ ಮುರಿದುಕೊಳ್ಳಿ, ಟೈಲು ಬದಲಿಸುತ್ತೇನೆ ಎಂದು ತೊದಲಿದೆ.
ಎರ್ಮೆಲಿಂಡಾ ಅಜ್ಜಿ ಉಗುರಿನಿಂದ ಸವರಿ ನೋಡಿ,
'ಇರಲಿ ಬಿಡು. ಕಳ್ಳ ಮತ್ತೆ ಬಂದರೆ
ಇದೊಂದನ್ನಾದರೂ ಬಿಟ್ಟುಹೋಗುತ್ತಾನೆ.'

ಗಮ್‌ಬೂಟಿನ ತುಂಡು ಈಗ ನನ್ನ ಚೀಲದಲ್ಲಿದೆ,
ಅಂಚು ಬಿರಿದಿದೆ. ಅಂಥದೇ ಮೆದುವನ್ನು ಹುಡುಕುತ್ತ
ಏಳನೆಯ ಫ್ಲೋಟಿಗೆ ಕೆನ್ನೆ ಹೂಂ ಎಂದಿತು.
ಹಸಿರು ಹಿಡಿ, ಒಂಬತ್ತು ಯೂರೋ.
ನಾಳೆ ಕೆಲಸಕ್ಕೆ ಹೊಸಬಳು ಬರುತ್ತಾಳೆ, ಝುಲ್ಮೀರಾ,
ಮಾತೆತ್ತಿದರೆ 'ಗೊತ್ತು' ಎನ್ನುವವಳು.

ಬಿಲ್ಲು ಬರೆಯುತ್ತಿದ್ದ ಹುಡುಗನನ್ನು ತಡೆದೆ.
ಆ ಗಟ್ಟಿಯದೂ ಒಂದಿರಲಿ.
ಎರಡನ್ನೂ ಅವಳ ಮುಂದಿಟ್ಟು
ನಾನು ಆಚೆ ಹೋಗಿ ಕಾಫಿ ಕುಡಿಯಬೇಕು.