ಇಪ್ಪತ್ತೈದು, ಹದಿನಾರು

"ಸಂಜೆಗೆ ಕಾಯಲ್ಲಪ್ಪ ಇದು" ಅಂತ
ಇಸ್ತ್ರಿಪೆಟ್ಟಿಗೆ ನನ್ನ ಮೇಜಿಗೆ ಕುಕ್ಕಿದಳು ಹಾಲವ್ವ.
ನಿಟ್ಟುವಳ್ಳಿ, ಮಧ್ಯಾಹ್ನ ಮೂರು.
ಬಿಚ್ಚಿದೆ. ಕಾಯಿಲು ನೆಟ್ಟಗಿದೆ, ಮೈಕಾ ಸೀಳಿಲ್ಲ.
ಮೀಟರು ಹಿಡಿದೆ: ಇನ್ನೂರ ಮೂವತ್ತು ವೋಲ್ಟು,
ನಾಲ್ಕು ಪಾಯಿಂಟ್ ಆರು ಆಂಪಿಯರು.
ಭಾಗಿಸಿದರೆ ಐವತ್ತು ಓಮು,
ಗುಣಿಸಿದರೆ ಸಾವಿರ ವ್ಯಾಟು, ಮೇಲಿಷ್ಟು ಚಿಲ್ಲರೆ.
"ಇದಕ್ಕೇನೂ ಆಗಿಲ್ಲವ್ವ."

"ಬೆಳಿಗ್ಗೆ ತಾಸಿಗೆ ಇಪ್ಪತ್ತೈದು ಅಂಗಿ,
ಸಂಜೆ ಹದಿನಾರಕ್ಕೇ ತಾಸು ಮುಗೀತದೆ.
ಕೈ ಅದೇ ಐತಲ್ಲ?"

ಏಳೂವರೆಗೆ ಅವಳ ಗಾಡಿ ಹತ್ತಿರ ಹೋದೆ.
ಬಲ್ಬು ಅರಿಶಿನಕ್ಕೆ ತಿರುಗಿತ್ತು.
ನೂರ ಎಂಬತ್ತನಾಲ್ಕು ವೋಲ್ಟು:
ಐದರಲ್ಲಿ ಒಂದು ಪಾಲು
ದಾರಿಯಲ್ಲೇ ಯಾರ್ಯಾರೋ ಉಂಡಿದ್ದಾರೆ.
ತಂತಿಯ ತಡೆ ಮಾತ್ರ ಅದೇ ಐವತ್ತು.
ವೋಲ್ಟು ಇಳಿದರೆ ಕರೆಂಟೂ ಅದರ ಬೆನ್ನಿಗೇ ಇಳಿಯುತ್ತೆ;
ಒಂದೇ ಕೊರತೆಗೆ ಪೆಟ್ಟು ಎರಡು.

ಗಾಡಿಯ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆ,
ಬಾಯಲ್ಲಿ ಮಗ್ಗಿ:
ಐದೈದಲ ಇಪ್ಪತ್ತೈದು.
ನಾಕ್ನಾಕಲ...
ಅಲ್ಲೇ ನಿಂತಿತು ಕೈ.
ಪಕ್ಕದಲ್ಲೇ ಇದ್ದವು ಅವಳ ಗೆರೆಗಳು,
ಬೆಳಗಿನ ಸಾಲು, ಸಂಜೆಯ ಸಾಲು.

"ರಿಪೇರಿಗೆಷ್ಟು?" ಅಂದಳು.
ಕೆಟ್ಟದ್ದು ಬೀದಿ. ಅದನ್ನು ಮೇಜಿಗೆ ತರೋದು ಹೇಗೆ?
ನನ್ನ ಉತ್ತರಕ್ಕೆ ಕಾಯಲಿಲ್ಲ ಅವಳು.
ಒದ್ದೆ ಬೆರಳು ಮುಟ್ಟಿಸಿದಳು; ಚುಂಯ್ ಅನ್ನಲೂ ತಡ.
ಹದಿನೇಳನೇ ಅಂಗಿ ಕೊಡವಿ ಹಾಸಿದಳು.